ಅಣ್ಣನ ಹೊಲದ ಬೂದಿದಿಬ್ಬ

ಹಿಂದಿನ ಕಾಲದ ಕಥೆ ಹೇಳುವ ಪುಸ್ತಕ ಕೈಗೆ ಸಿಕ್ಕರೆ ನನಗೆ ಒಲೆಯ ಮೇಲಿನ ಹಾಲು ನೆನಪಿರುವುದಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಪಾತ್ರೆಗಳು ತಳ ಹಿಡಿದದ್ದೆಲ್ಲ ಹಾಗೆಯೇ. ಒಂದು ಮಧ್ಯಾಹ್ನ ಓದುತ್ತಿದ್ದಾಗ ನಮ್ಮ ಸೀಮೆಯ ಬೂದಿದಿಬ್ಬಗಳ ಅಧ್ಯಾಯ ಬಂತು. ಸಾವಿರಾರು ವರ್ಷಗಳ ಹಿಂದೆ ದನ ಸಾಕಿದವರು ಸಗಣಿ ಗುಡ್ಡೆ ಹಾಕಿ ಸುಟ್ಟು ಆದ ದಿಬ್ಬಗಳಂತೆ. ಕುರುಗೋಡಿನ ಹತ್ತಿರ ನನ್ನ ತವರಿನ ಹೊಲದಲ್ಲೂ ಅಂಥದೊಂದಿತ್ತು. ರಾಕ್ಷಸನನ್ನು ಸುಟ್ಟ ಜಾಗವೆಂದು ಚಿಕ್ಕಂದಿನಲ್ಲಿ ನಮ್ಮನ್ನು ಅತ್ತ ಬಿಡುತ್ತಿರಲಿಲ್ಲ.

ಅದಿರಿನ ಭರಾಟೆಯ ಕಾಲ ಅದು. ಅದಿರು ಸಾಗಿಸಲು ಅಣ್ಣನೂ ಲಾರಿ ಕೊಂಡಿದ್ದ. ಅದನ್ನು ನಿಲ್ಲಿಸಲು ದಿಬ್ಬ ಕೆಡವಿ ಸಮ ಮಾಡಿಸುತ್ತೇನೆಂದು ಫೋನಿನಲ್ಲಿ ಹಿಗ್ಗಿನಿಂದ ಹೇಳಿದ. ಮರುದಿನವೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಹೋಗುವಷ್ಟರಲ್ಲಿ ಜೆಸಿಬಿ ಬಂದು ನಿಂತಿತ್ತು. ಅದರ ಡ್ರೈವರ್ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ನಾನು ನೀರು ಸಹ ಕುಡಿಯದೆ ಅಣ್ಣನಿಗೆ ಇಡೀ ಅಧ್ಯಾಯ ಓದಿದೆ. ಯಾವ ಕಾಲದವರದೋ ಸಗಣಿಗಾಗಿ ನನ್ನ ಲಾರಿ ಬೀದಿಯಲ್ಲಿ ನಿಲ್ಲಬೇಕಾ ಎಂದು ನಕ್ಕ. ಸಿಟ್ಟಿನಲ್ಲಿ ಪುಸ್ತಕವನ್ನು ಕಟ್ಟೆಯ ಮೇಲೆ ಕುಕ್ಕಿದೆ.

ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ಕೆಳಗಿಟ್ಟಳು.

"ಆಕಳ ಸಗಣಿ ಸುಟ್ಟ ಬೂದಿ ಅಂತ ಪುಸ್ತಕದಾಗ ಐತೇನು?"

ಹೌದೆಂದೆ. ಅವ್ವ ಕೈಕಾಲು ತೊಳೆದು, ತಂಬಿಗೆ ಹಿಡಿದು ನೇರ ದಿಬ್ಬಕ್ಕೆ ನಡೆದಳು. ನಾವೆಲ್ಲ ಹಿಂದೆಯೇ ಹೋದೆವು. ಚಿಟಿಕೆ ಬೂದಿಯನ್ನು ಅಂಗೈಯ ನೀರಲ್ಲಿ ಕಲೆಸಿ, ಹಣೆಗೆ ಮೂರು ಬೆರಳು ಎಳೆದುಕೊಂಡಳು.

"ಸಗಣಿ ಸುಟ್ಟೇ ವಿಭೂತಿ ಮಾಡ್ತಾರಲ್ಲಪಾ. ಇದರ ಮ್ಯಾಲೆ ಲಾರಿ ನಿಲ್ಲಸ್ತಿಯೇನು?"

ಅಣ್ಣ ಕೈಬೀಸಿ ಜೆಸಿಬಿ ಬೇಡವೆಂದ. ಡ್ರೈವರ್ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿ ವಾರವೂ ಬಾಳಲಿಲ್ಲ. ಸುದ್ದಿ ಹಬ್ಬಿ, ಬೂದಿ ಒಯ್ಯಲು ಜನ ಬಟ್ಟಲು, ಡಬ್ಬಿ ಹಿಡಿದು ಬರತೊಡಗಿದರಂತೆ. ಸಿರಿಗೇರಿಯಿಂದ ಬಂದವರೊಬ್ಬರು ಗೋಣಿಚೀಲವನ್ನೇ ತಂದಿದ್ದರಂತೆ. ಜೆಸಿಬಿಯಿಂದ ಉಳಿದದ್ದು ಭಕ್ತಿಗೆ ಹೋಗುತ್ತದಲ್ಲ ಎಂದು ಹೆದರಿ ಮತ್ತೆ ಊರಿಗೆ ಓಡಿದೆ.

ಲಾರಿ ಬೀದಿಯಲ್ಲೇ ನಿಂತಿತ್ತು. ದಿಬ್ಬದ ಮುಂದೆ ಮಂಚ ಹಾಕಿಕೊಂಡು ಅಣ್ಣ ಕೂತಿದ್ದ, ನಾನು ಬಿಟ್ಟುಹೋದ ಪುಸ್ತಕ ಅವನ ಕೈಯಲ್ಲಿತ್ತು. ಬಟ್ಟಲು ಹಿಡಿದವರನ್ನು ಎದುರು ಕೂರಿಸಿಕೊಂಡು ಬೆರಳಿಟ್ಟು ಓದುತ್ತಿದ್ದ.

"ನಮಗಿಂತ ಮೊದಲ ಇಲ್ಲಿ ಮಂದಿ ಬಾಳ್ವೆ ಮಾಡ್ಯಾರ್ರಿ. ಇದು ಅವರ ದೊಡ್ಡಿ. ಕೈ ಮುಗೀರಿ, ಒಯ್ಯಬ್ಯಾಡ್ರಿ."

ಆ ಪುಸ್ತಕವನ್ನು ನಾನು ವಾಪಸು ಕೇಳಲಿಲ್ಲ.