ನಾಕಾದಲ್ಲಿ ತಮ್ಮನ ಗಡಿಗೆ

ದೇವದುರ್ಗದ ಕಡೆಯಿಂದ ಹೊರಟ ನಮ್ಮ ಹರಗೋಲನ್ನು ಇಂದು ಮಧ್ಯಾಹ್ನ ತಪಾಸಣೆ ನಾಕಾದ ಪೊಲೀಸರು ದಡಕ್ಕೆ ಕರೆದರು. ಗಲಾಟೆಯ ದಿನಗಳು. ಹೊಳೆಯಲ್ಲಿ ಬಂದೂಕು ಸಾಗಿಸುತ್ತಾರೆಂಬ ಗುಮಾನಿ. ಹರಗೋಲಿನಲ್ಲಿ ನಾನು, ಗೆಳೆಯರಿಬ್ಬರು, ತೀರಿಹೋದ ತಮ್ಮನ ಎರಡು ನಾಯಿಗಳು. ನನ್ನ ಕೈಯಲ್ಲಿ ಅವನ ಅಸ್ಥಿಯ ಗಡಿಗೆ. ಭೀಮೆ ಈ ಹೊಳೆಯನ್ನು ಕೂಡುವಲ್ಲಿ ಬಿಡುವವರೆಗೆ ಅದನ್ನು ನೆಲಕ್ಕೆ ಇಡುವಂತಿಲ್ಲ. ನಾವು ರಾತ್ರಿ ದಂಡೆಯಲ್ಲಿ ಹರಗೋಲು ಕವುಚಿ ಅದರಡಿ ಮಲಗಿದಾಗಲೂ ಗಡಿಗೆಯನ್ನು ಗಿಡದ ಕೊಂಬೆಗೆ ಕಟ್ಟಿದ್ದೆವು.

"ಗಡಿಗಿ ಕೆಳಗ ಇಡ್ರಿ," ಎಂದರು ನಾಕಾದ ಜಮಾದಾರರು.

"ಇಡಾಂಗಿಲ್ರೀ ಸಾಹೇಬ್ರ."

"ಯಾಕ, ಬಾಂಬ್ ಅದ ಏನು ಒಳಗ?"

"ನಮ್ಮ ತಮ್ಮ ಅದಾನ್ರೀ."

ಅವರು ನಾಯಿಗಳತ್ತ ನೋಡಿದರು. "ಅಸ್ತಿ ಬಿಡಾಕ ಹೋಗಾವ್ರು ನಾಯಿ ಕಟ್ಕೊಂಡು ಹೊಕ್ಕಾರೇನು? ಸುಳ್ಳು ಹೇಳಾಕೂ ಅಕಲ್ ಬೇಕು."

"ಸತ್ತಾವನ ನಾಯಿ ರೀ," ಎಂದ ಗೆಳೆಯ ಬಸಣ್ಣ. "ಬಿಟ್ಟು ಬಂದ್ರ ಹೊಳಿಗೆ ಹಾರ್ತಾವು."

ಜಮಾದಾರರು ನಂಬಲಿಲ್ಲ. ಗೆಳೆಯರನ್ನು ದೂರ ನಿಲ್ಲಿಸಿ, ನನ್ನೆದುರು ಎರಡೂ ಕೈ ಚಾಚಿದರು. "ತರ್ರಿ, ನಾ ಹಿಡೀತೀನಿ. ನೀವ ಗಡಿಗಿ ಬಾಯಿಗೆ ಕಟ್ಟಿದ ಬಟ್ಟಿ ಬಿಚ್ರಿ."

ಗಡಿಗೆಯನ್ನು ಅವರ ಕೈಗೆ ಕೊಟ್ಟು ಬಿಚ್ಚಿದೆ. ಅವರು ಒಳಗೆ ಬಗ್ಗಿ ನೋಡಿ, "ಯಾ ಅಲ್ಲಾ," ಎಂದರು. "ಎಷ್ಟು ವಯಸ್ಸು?"

"ಇಪ್ಪತ್ತರೀ."

"ಹಂಗಂತ ಬಿಡಾಂಗಿಲ್ಲ," ಎಂದು ತಮ್ಮ ಜವಾನರಿಗೆ ಹರಗೋಲು ತಡಕಲು ಹೇಳಿದರು.

ತಡಕುವುದು ಮುಗಿಯುವವರೆಗೂ ಜಮಾದಾರರು ಗಡಿಗೆಯನ್ನು ಎದೆಗವಚಿಕೊಂಡು ಬಿಸಿಲಿನಲ್ಲಿ ನಿಂತೇ ಇದ್ದರು.