ಐಸಕ್ಕ ಹಿಡಿದ ಪಾದ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವೈದ್ಯಕೀಯ ಕಾಲೇಜಿನ ಶವಛೇದನ ಕೊಠಡಿಯಲ್ಲಿ ಐಸಕ್ಕ ಒಬ್ಬರೇ ಇದ್ದಾರೆ. ಸತ್ತ ಹೆಂಗಸೊಬ್ಬಳ ಹಿಮ್ಮಡಿಯ ಮೇಲೆ ಚರ್ಮ ಬಿಡಿಸಿದ ಜಾಗದಲ್ಲಿ ಕಾಣುವ ಬಿಳಿ ಹುರಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆಯುತ್ತಾರೆ. ಪಾದದ ಹೆಬ್ಬೆರಳು ಬಾ ಎಂದು ಕರೆದಂತೆ ಮಡಿಸಿಕೊಳ್ಳುತ್ತದೆ. ನೆಟ್ಟಗೆ ಮಾಡಹೋದರೆ ಎಲ್ಲೋ ಸಿಕ್ಕಿಕೊಂಡು, ಆಮೇಲೆ ಟಕ್ ಎಂದು ಬಿಚ್ಚಿಕೊಳ್ಳುತ್ತದೆ. ಐಸಕ್ಕ ಬೆರಳು ಹಿಂದಕ್ಕೆಳೆದುಕೊಳ್ಳುತ್ತಾರೆ.

"ಹೆಣ ನೋಡಿ ಹೆದರೋಳಲ್ಲ ನಾನು. ಆದ್ರೆ ಈ ಸದ್ದು ನಮ್ಮನೇದು ಕಣ್ರೀ" ಎಂದು ಮಲಗಿದವಳಿಗೇ ಹೇಳುತ್ತಾರೆ.

ಮನೆಯದು ಎಂದರೆ ಮಗಳದು. ನೃತ್ಯ ತಂಡವೊಂದರಲ್ಲಿ ತುದಿಗಾಲಲ್ಲಿ ಕುಣಿಯುವ ಹುಡುಗಿ. ಅವಳ ಹೆಬ್ಬೆರಳೂ ತಿಂಗಳುಗಟ್ಟಲೆಯಿಂದ ಹೀಗೇ ಸಿಕ್ಕಿಬೀಳುತ್ತಿದೆ. ಇವತ್ತೇ ಪಕ್ಕದ ಆಸ್ಪತ್ರೆಯಲ್ಲಿ ಆಪರೇಷನ್. ಸರಿಹೋಗದಿದ್ದರೆ ಕುಣಿತ ಅಲ್ಲಿಗೆ ಮುಗಿಯಿತು.

ಹೆಬ್ಬೆರಳನ್ನು ಮಡಿಸುವ ಆ ಬಿಳಿ ಹುರಿ, ಅಂದರೆ ಸ್ನಾಯುರಜ್ಜು, ಮೀನಖಂಡದಿಂದ ಇಳಿದು, ಪಾದದ ಕೀಲಿನ ಹಿಂದೆ ತೆಳುವಾದ ಪೊರೆಯೊಳಗೆ ಜಾರಿಕೊಂಡು ಓಡುತ್ತದೆ. ಮಗಳ ಆಪರೇಷನ್ ಮಾಡಲಿರುವ ಡಾಕ್ಟರಮ್ಮ ಬಿಡಿಸಿ ಹೇಳಿದ್ದನ್ನು ಐಸಕ್ಕ ತಮ್ಮದೇ ಮಾತಲ್ಲಿ ಹೇಳುತ್ತಾರೆ: "ಲಂಗದ ಮಡಿಕೇಲಿ ಲಾಡಿ ಓಡುತ್ತಲ್ಲ, ಹಂಗೆ. ಲಾಡೀಲಿ ಗಂಟು ಬಿದ್ರೆ ಏನಾಗುತ್ತೆ? ಅದೇ ಪಾಡು."

ಕಸ ಗುಡಿಸಲು ಸೇರಿದವರು ಐಸಕ್ಕ. ಈಗ ಎಂಟು ಮೇಜು, ಶೈತ್ಯಪೆಟ್ಟಿಗೆಗಳು, ಅವುಗಳೊಳಗೆ ಮಲಗಿದವರು, ಎಲ್ಲ ಅವರ ಸುಪರ್ದಿಯಲ್ಲಿ. ಕೈ ಸದಾ ಐಸಿನಂತೆ ಕೊರೆಯುವುದರಿಂದ ವಿದ್ಯಾರ್ಥಿಗಳು ಇಟ್ಟ ಹೆಸರಿದು. ಗಂಡನೂ ರೇಗಿಸುತ್ತಾನೆ: "ನೀ ಲೋಟ ಮುಟ್ಟಬೇಡ ಮಹಾತಾಯಿ, ಕಾಫಿ ಆರಿಹೋಗುತ್ತೆ." ಐಸಕ್ಕ ನಗುತ್ತಾರೆ. ಮಗಳ ಮಾತಿಗೆ ಮಾತ್ರ ನಗು ಬರುವುದಿಲ್ಲ. ನಿನ್ನೆ ಅವಳು ಹೇಳಿದ್ದಾಳೆ, "ಆಸ್ಪತ್ರೆಗೆ ನೀನು ಬರಬೇಡಮ್ಮ. ಆ ಕೈ ಏನೇನು ಮುಟ್ಟುತ್ತೋ, ನಂಗೆ ಭಯ."

ಡಾಕ್ಟರಮ್ಮ ಬರುತ್ತಾರೆ. ಮಗಳಿಗೆ ಕತ್ತರಿ ಹಾಕುವ ಮುಂಚೆ ಇಲ್ಲೊಮ್ಮೆ ಕೈ ಪಳಗಿಸಿಕೊಳ್ಳಬೇಕು. ಪೊರೆಗೆ ಅಂಟಿಕೊಂಡಂತೆಯೇ ನರವೂ ರಕ್ತನಾಳವೂ ಇವೆ. ಸ್ವಲ್ಪ ತಪ್ಪಿದರೂ ಅಂಗಾಲು ಮರಗಟ್ಟುತ್ತದೆ.

"ನೋಡೋಕಾಗಲ್ಲ ಅಂದ್ರೆ ಹೊರಗೆ ಕೂತ್ಕೊಳ್ಳಿ ಐಸಕ್ಕ."

"ಕಾಲು ಹಿಡ್ಕೊಳ್ಳೋರು ಯಾರು? ನೀವು ಮಾಡಿ."

ಡಾಕ್ಟರಮ್ಮ ಪೊರೆ ಸೀಳುತ್ತಾರೆ. ಹುರಿಯ ಮೇಲೆ ಕಡಲೆಕಾಳಿನಷ್ಟು ಗಂಟು. ಅದನ್ನು ಸವರಿ ತೆಗೆದು ಎಳೆದರೆ ಬೆರಳು ಮಡಿಸಿಕೊಳ್ಳುತ್ತದೆ, ನೆಟ್ಟಗಾಗುತ್ತದೆ, ಸದ್ದೇ ಇಲ್ಲ. ಐಸಕ್ಕ ಹಿಡಿದ ಪಾದವನ್ನು ಬಿಡುವುದಿಲ್ಲ.

"ಪಾದ ಬೆಚ್ಚಗಾಯ್ತು ಡಾಕ್ಟರಮ್ಮ."

"ನಿಮ್ಮ ಕೈ ಬಿಸಿ ಇರಬೇಕು."

"ನನ್ನ ಕೈಗೆ ಬಿಸಿ ಎಲ್ಲಿಂದ ಬರಬೇಕು?"

ಡಾಕ್ಟರಮ್ಮ ಕೈಗವಸು ಕಳಚುತ್ತಾರೆ.

ಮಧ್ಯಾಹ್ನ ಡಾಕ್ಟರಮ್ಮನ ಫೋನು ಬರುತ್ತದೆ. ಬೆರಳು ಸಲೀಸಾಗಿ ಆಡುತ್ತಿದೆ. ಮಗಳಿಗೆ ಎಚ್ಚರವಾಗಿದೆ, ಅಮ್ಮ ಬೇಕು ಅನ್ನುತ್ತಿದ್ದಾಳೆ. ಐಸಕ್ಕ ಕಣ್ಣೊರೆಸಿಕೊಂಡು ಬಾಗಿಲವರೆಗೆ ಓಡಿದವರು ತಿರುಗಿ ಬರುತ್ತಾರೆ. ಬಿಳಿ ಬಟ್ಟೆ ಸರಿಸಿ, ಹೆಸರು ಗೊತ್ತಿಲ್ಲದ ಆ ಹೆಂಗಸಿನ ಪಾದ ಮುಟ್ಟುತ್ತಾರೆ.

"ಮಗಳು ಕರೀತಿದ್ದಾಳಮ್ಮ, ಹೋಗ್ಬರ್ತೀನಿ. ಬೆರಳು ಸರಿಹೋಯ್ತು ಅಂತ ಅವಳಪ್ಪಂಗೂ ಇನ್ನೂ ಹೇಳಿಲ್ಲ, ನಿಮಗೇ ಮೊದಲು."