ರುಕ್ಮಿಣಿಬಾಯಿಯ ಹನ್ನೆರಡು ಚುಕ್ಕೆ

ಶನಿವಾರ, ಬೆಳಗಿನ ಆರೂವರೆ. ಮುಂಬಯಿಯ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯ ಕಿಟಕಿ ತೆರೆಯುತ್ತದೆ. ರುಕ್ಮಿಣಿಬಾಯಿ ಬಳೆಗಳನ್ನು ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾರೆ, ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಾರೆ. ಮೇಜಿನ ಮೇಲೆ, ಮುಚ್ಚಿಟ್ಟ ಗಾಜಿನ ಲೋಟದ ಕೆಳಗೆ, ಒಂದು ಕಪ್ಪು ಗಡಿಯಾರದ ಡಯಲ್ ಇದೆ. ಅದರ ಸುತ್ತ ಗಂಟೆಗೊಂದರಂತೆ ಹನ್ನೆರಡು ಚುಕ್ಕೆ. ಅವರು ಲೋಟ ಎತ್ತಿ, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ನೋಡುತ್ತಾರೆ. ಆಮೇಲೆ ಎಡಗಣ್ಣು ಮುಚ್ಚಿಕೊಂಡು.

"ಎಡಗಣ್ಣಿಗಿ ಬಿಳಿಜೋಳದ ರೊಟ್ಟಿ," ಎನ್ನುತ್ತಾರೆ. "ಬಲಗಣ್ಣಿಗಿ ಸುಣ್ಣ."

ಯಾವುದು ಸರಿ ಎಂದು ಕೇಳುತ್ತೇನೆ.

"ಅದನ್ನೇ ನಾನೂ ಕೇಳ್ಲಾಕತ್ತೀನ್ರೀ. ನಿಮಗ ಹ್ಯಾಂಗ ಕಾಣಸ್ತದ, ಹೇಳ್ರಿ ನೋಡಮು."

ಬಿಳಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ನಂಬಿದಂತೆ ಕಾಣುವುದಿಲ್ಲ.

ರುಕ್ಮಿಣಿಬಾಯಿಗೆ ಐವತ್ತಮೂರು. ಊರು ಆಳಂದದ ಹತ್ತಿರದ ಹಳ್ಳಿ, ಮನೆ ಘಾಟ್ಕೋಪರ್‌ನ ಗುಡ್ಡದ ಮೇಲಿನ ಚಾಳ್‌ನಲ್ಲಿ. ಇಪ್ಪತ್ತಾರು ವರ್ಷಗಳಿಂದ ಅವರು ಮಾಡುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ, ಬೇರೆ ಭಾಷೆಯಲ್ಲಿ ಇದ್ದರೆ ಅವರಿಗೆ ಗೊತ್ತಿಲ್ಲ. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಕೈಗಡಿಯಾರಗಳ ಡಯಲ್ ಮೇಲೆ, ಮುಳ್ಳುಗಳ ಮೇಲೆ ಒಂದು ಬಗೆಯ ಬಣ್ಣ ಹಚ್ಚಿರುತ್ತಾರೆ. ಹಚ್ಚಿದಾಗ ಬಿಳಿ. ನಲವತ್ತು ಐವತ್ತು ವರ್ಷ ಕಳೆದರೆ ಅದು ಕೆನೆಯಾಗಿ, ಚಹಾ ಆಗಿ, ಕೊನೆಗೆ ಬೆಲ್ಲವಾಗುತ್ತದೆ. ಹನ್ನೆರಡರಲ್ಲಿ ಒಂದು ಚುಕ್ಕೆ ಉದುರಿದರೆ ಹೊಸದನ್ನು ಹಾಕಬೇಕು. ಆದರೆ ಅದು ಹೊಸದೆಂದು ಗೊತ್ತಾಗಬಾರದು. ಉಳಿದ ಹನ್ನೊಂದರ ವಯಸ್ಸನ್ನು ಹೊಸ ಚುಕ್ಕೆಗೆ ಕೊಡುವುದು ರುಕ್ಮಿಣಿಬಾಯಿಯ ಕೆಲಸ.

ಅವರ ಮುಂದೆ ಆರು ಪುಟ್ಟ ಸೀಸೆಗಳಿವೆ. ಚೀಟಿ ಇಲ್ಲ. ಹಾಲು, ರೊಟ್ಟಿ, ಹಾಲಿನ ಚಹಾ, ಕಡಕ್ ಚಹಾ, ಬೆಲ್ಲ, ಸುಟ್ಟ ಬೆಲ್ಲ ಎಂದು ಅವರೇ ಇಟ್ಟ ಹೆಸರುಗಳು. ಸೂಜಿಯ ಮೊನೆಯಲ್ಲಿ ಕಂದು ಪುಡಿ ಎತ್ತಿ ಬಿಳಿ ಬಣ್ಣಕ್ಕೆ ಬೆರೆಸುತ್ತಾರೆ. ಮೊದಲು ದಿನಕ್ಕೆ ಹದಿನಾಲ್ಕು ಡಯಲ್ ಆಗುತ್ತಿತ್ತು, ಈಗ ಆರು. ಬಣ್ಣ ಕೂಡಿಸುವ ಕೆಲಸವೆಲ್ಲ ಎಂಟು ಗಂಟೆಯೊಳಗೆ ಮುಗಿಯಬೇಕು. ಆಮೇಲೆ ಬಿಸಿಲು ಎದುರಿನ ಕಟ್ಟಡಕ್ಕೆ ಹೊದಿಸಿದ ನೀಲಿ ತಾಡಪತ್ರಿಗೆ ಬಡಿದು ಕೋಣೆಯೊಳಗೆ ಬರುತ್ತದೆ, ಎಲ್ಲ ಬಣ್ಣವೂ ಕೆಡುತ್ತದೆ. ಕೆಳಗಿನ ಹಳಿಯ ಮೇಲೆ ಫಾಸ್ಟ್ ಲೋಕಲ್ ರೈಲು ಹೋಗುವಾಗ ಕಟ್ಟಡ ಸಣ್ಣಗೆ ನಡುಗುತ್ತದೆ. ಆಗ ಅವರು ಮಾತು ನಿಲ್ಲಿಸದೆ ಕುಂಚವನ್ನು ಮಾತ್ರ ಮೇಲೆತ್ತಿ ಹಿಡಿಯುತ್ತಾರೆ.

ಈ ಗಡಿಯಾರ ರಿಪೇರಿ ಅಂಗಡಿಗೆ ಅವರು ಬಂದದ್ದು ಕಸ ಗುಡಿಸಲು. ಒಂದು ದಿನ ಸೆಕೆಂಡಿನ ಮುಳ್ಳೊಂದು ನೆಲಕ್ಕೆ ಬಿದ್ದು ಕಳೆದುಹೋಯಿತು. ಮೂವರು ಗಂಡಸರು ಟಾರ್ಚ್ ಹಿಡಿದು ಮಂಡಿಯೂರಿ ಹುಡುಕುತ್ತಿದ್ದಾಗ ರುಕ್ಮಿಣಿಬಾಯಿ ಕೆಳಗಿನ ಅಂಗಡಿಯಿಂದ ಹಿಟ್ಟಿನ ಜರಡಿ ತಂದು, ಗುಡಿಸಿಟ್ಟ ಕಸವನ್ನೆಲ್ಲ ಜರಡಿ ಹಿಡಿದರು. ಮುಳ್ಳು ಸಿಕ್ಕಿತು. ಮರುವಾರ ಮಾಲೀಕರು ಅವರಿಗೊಂದು ಸ್ಟೂಲ್ ಕೊಟ್ಟರು. ಆ ಮಾಲೀಕರು ಈಗಿಲ್ಲ. ಮಗ ಸದಾನಂದ ಅಂಗಡಿ ನಡೆಸುತ್ತಾರೆ, ಉಡುಪಿಯ ಕಡೆಯವರು.

ಮುಚ್ಚಿಟ್ಟ ಲೋಟದ ಕೆಳಗಿನ ಡಯಲ್ ಮಾತ್ರ ಗಿರಾಕಿಯದಲ್ಲ. ಅದು ರುಕ್ಮಿಣಿಬಾಯಿಯ ಸ್ವಂತದ್ದು. ಹದಿನಾಲ್ಕು ತಿಂಗಳಿಂದ ಊಟದ ಬಿಡುವಿನಲ್ಲಿ ಅವರು ತಮಗಾಗಿ ಒಂದು ಗಡಿಯಾರ ಕಟ್ಟುತ್ತಿದ್ದಾರೆ. ಸಮುದ್ರಕ್ಕಿಳಿಯುವವರು ಕಟ್ಟುವಂಥ ಡೈವ್ ವಾಚ್, ಅದೂ ಹಳೆಯ ಕಾಲದ ಮಾದರಿಯದು. ಗುಜರಿಯಲ್ಲಿ ಸಿಕ್ಕಿದ ದಪ್ಪ ಸ್ಟೀಲಿನ ಹೊರಕವಚ. ನಿಮಿಷ ಗುರುತು ಹಾಕಲು ತಿರುಗಿಸುವ ಅಂಚುಬಳೆಯನ್ನು ಲೇತ್‌ನವನಿಂದ ಮೂರು ಸಲ ಕಡೆಸಿದ್ದಾರೆ. ಒಳಗಿನ ಯಂತ್ರ ಜಪಾನಿನದು, ಕೈ ಅಲುಗಿದರೆ ತಾನೇ ಕೀಲಿ ತಿರುಗುವಂಥದು. ನೀರು ಹೋಗದಂತೆ ರಬ್ಬರಿನ ಉಂಗುರ. ಉಬ್ಬಿದ ಗಾಜು. ಈಜಲು ಬರುತ್ತದೆಯೇ ಎಂದರೆ ನಗುತ್ತಾರೆ.

"ಮುಂಬಯಿಗಿ ಬಂದು ಮೂವತ್ನಾಕು ವರ್ಷ ಆತು, ಸಮುದ್ರಕ ಎರಡ್ ಸಲ ಹೋಗೀನಿ. ಎರಡ್ ಸಲಾನೂ ಮಂದೀ ಚಪ್ಪಲಿ ಕಾದೀನಿ."

ಮತ್ತೆ ಇದೇಕೆ? ಬಹಳ ಹಿಂದೆ ಬಂದರಿನ ಹಡಗುಕಟ್ಟೆಯಲ್ಲಿ ಹಡಗಿನ ತಳ ತಿಕ್ಕುವ ಮುಳುಗುಗಾರನೊಬ್ಬ ತನ್ನ ಗಡಿಯಾರ ತಂದಿದ್ದನಂತೆ. ನೀರಿನೊಳಗೆ ಇಳಿದಂತೆ ಮೊದಲು ಕೆಂಪು ಹೋಗುತ್ತದೆ, ಆಮೇಲೆ ಒಂದೊಂದೇ ಬಣ್ಣ, ಕೊನೆಗೆ ಈ ಚುಕ್ಕೆಗಳಷ್ಟೇ ಕಾಣುತ್ತವೆ ಎಂದು ಹೇಳಿದ್ದನಂತೆ. "ಆ ಮಾತು ತಲ್ಯಾಗ ಕುಂತುಬಿಟ್ತು," ಎನ್ನುತ್ತಾರೆ. ಇಷ್ಟೇ ಕಾರಣವೋ ಬೇರೇನಾದರೂ ಇದೆಯೋ, ಅವರಿಗೂ ಸ್ಪಷ್ಟವಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಈ ಡಯಲ್‌ಗೆ ಹನ್ನೆರಡು ಚುಕ್ಕೆ ಇಟ್ಟರು. ರೊಟ್ಟಿಯ ಬಣ್ಣ, ತುಸು ಹಳೆಯದು, ಆದರೆ ಮುದಿಯಲ್ಲ. ತಮ್ಮ ಕೈಯಿಂದ ಇಷ್ಟು ಚೆಂದದ ಬಣ್ಣ ಹಿಂದೆಂದೂ ಬಂದಿರಲಿಲ್ಲ ಅನ್ನಿಸಿತಂತೆ. ಗಂಡ ಸಿದ್ದಲಿಂಗಪ್ಪನಿಗೆ ತೋರಿಸಿದರು, ಮಗಳು ಶೀತಲ್‌ಗೆ ತೋರಿಸಿದರು, ಸದಾನಂದರಿಗೆ ತೋರಿಸಿದರು. ಹ್ಯಾಂಗ ಹಳೇದು ಕಾಣಸ್ತದ ನೋಡ್ರಿ ಎಂದರು. ಎಲ್ಲರೂ ಹೂಂ ಎಂದರು.

ಅದೇ ದಿನಗಳಲ್ಲಿ ಗಿರಾಕಿಗಳಿಂದ ಡಯಲ್‌ಗಳು ವಾಪಸು ಬರತೊಡಗಿದ್ದವು. ಒಂದು ತಿಂಗಳಲ್ಲಿ ನಾಲ್ಕು. ಹೊಸ ಚುಕ್ಕೆ ಉಳಿದವಕ್ಕಿಂತ ಬಿಳಿ ಎಂಬುದು ದೂರು. ಸದಾನಂದ ಅವನ್ನು ರುಕ್ಮಿಣಿಬಾಯಿಗೆ ತೋರಿಸದೆ ಬೇರೆಯವರಿಂದ ಸರಿ ಮಾಡಿಸಿದರು. ಐದನೆಯದು ಬಂದಾಗ ರುಕ್ಮಿಣಿಬಾಯಿಯೇ ಬಾಗಿಲಲ್ಲಿದ್ದರು.

"ಹೇಳಲಿಕ್ಕೆ ನಾಲಿಗೆ ಬರ್ಲಿಲ್ಲ, ಎಂತ ಮಾಡುದು?" ಎನ್ನುತ್ತಾರೆ ಸದಾನಂದ. "ನಾನು ಶಾಲೆಗೆ ಹೋಗುವಾಗ ಇವರು ಇಲ್ಲಿ ಕೆಲಸ ಮಾಡ್ತಿದ್ರು."

ಸಯನ್‌ನ ಕಣ್ಣಿನ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಎಂದರು. ಪೊರೆ ಬರುತ್ತ ಬರುತ್ತ ಹಳದಿಯಾಗುತ್ತದೆ, ಬಣ್ಣದ ಗಾಜಿನೊಳಗಿಂದ ನೋಡಿದ ಹಾಗೆ, ಬಿಳಿಗೂ ಕೆನೆಗೂ ಅಂತರ ತಿಳಿಯುವುದಿಲ್ಲ ಎಂದು ವಿವರಿಸಿದರು. ಆರು ವಾರಗಳ ಹಿಂದೆ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದೊಡನೆ ಹಾಸಿಗೆಯ ಚಾದರ ನೋಡಿ, ಇಷ್ಟೊಂದು ನೀಲಿ ಯಾಕೆ ಹಾಕೀರಿ ಎಂದು ನರ್ಸ್‌ಳನ್ನು ಕೇಳಿದರಂತೆ. ಚಾದರ ಬರೀ ಬಿಳಿ ಇತ್ತು.

ಮನೆಗೆ ಬಂದರೆ ಇನ್ನೊಂದು ಕಥೆ. ಗಂಡನ ಬಿಳಿ ಅಂಗಿಗಳು ಹಳದಿಯಾಗಿವೆ ಎಂದುಕೊಂಡು ಎರಡು ವರ್ಷದಿಂದ ಅವರು ಪ್ರತಿ ಒಗೆತದಲ್ಲೂ ನೀಲಿಯನ್ನು ಸುರಿಯುತ್ತ ಬಂದಿದ್ದರು. ಗಾರೆ ಕೆಲಸಕ್ಕಿದ್ದ ಸಿದ್ದಲಿಂಗಪ್ಪ ಮಂಡಿ ಹೋದ ಮೇಲೆ ಘಾಟ್ಕೋಪರ್‌ನ ಬಿಲ್ಡಿಂಗ್ ಒಂದರಲ್ಲಿ ಲಿಫ್ಟ್‌ಮ್ಯಾನ್ ಆಗಿದ್ದಾರೆ, ಬಿಳಿ ಅಂಗಿ ಅಲ್ಲಿಯ ಸಮವಸ್ತ್ರ.

"ಎರಡ್ ವರ್ಷ ಆಕಾಶದ ಬಣ್ಣದ ಅಂಗಿ ಹಾಕ್ಕೊಂಡು ಲಿಫ್ಟಿನ್ಯಾಗ ನಿಂತಾನ್ರೀ! ಒಂದ್ ಮಾತ್ ಅಂದಿಲ್ಲ. ಯಾಕ ಹೇಳ್ಲಿಲ್ಲ ಅಂದ್ರ, 'ನೀ ತೊಳದದ್ದು, ನಾ ಹಾಕ್ಕೊಂಡೆ' ಅಂತಾನ." ನಗುತ್ತಾರೆ, ನಗು ಅರ್ಧಕ್ಕೇ ನಿಲ್ಲುತ್ತದೆ. "ಪ್ರೀತೀಲೆ ಹೇಳ್ಲಿಲ್ಲೋ, ಅವನಿಗಿ ಕಂಡೇ ಇಲ್ಲೋ, ತಿಳೀವಲ್ದು."

ಕೆಲಸಕ್ಕೆ ಮರಳಿದ ದಿನ ಲೋಟ ಎತ್ತಿ ತಮ್ಮ ಡಯಲ್ ನೋಡಿದರು. ಹನ್ನೆರಡೂ ಚುಕ್ಕೆ ಅಚ್ಚ ಬಿಳಿ. ನಾಲ್ಕು ತಿಂಗಳು ಅವರು ಎಲ್ಲರಿಗೂ ತೋರಿಸಿದ ಹಳೆಯ ಗಡಿಯಾರ ಹಳೆಯದಾಗಿಯೇ ಇರಲಿಲ್ಲ. ಸಂಜೆ ಮಗಳನ್ನು ಕೇಳಿದರು.

"ಮಮ್ಮಿ, ಅದು ಪಹಲೇಸೇ, ಶುರುವಿಂದ್ಲೇ ವೈಟ್ ಇತ್ತು," ಎಂದಳು ಶೀತಲ್. ಲ್ಯಾಬೊಂದರ ಕೌಂಟರಿನಲ್ಲಿ ಕೆಲಸ ಮಾಡುವ ಇಪ್ಪತ್ನಾಲ್ಕರ ಹುಡುಗಿ. "ನಿಂಗೆ ವೈಟೇ ಪಸಂದ್ ಅಂದ್ಕೊಂಡೆ ನಾನು."

"ಹಳೇದು ಹಳೇದು ಅಂತ ಬಡಕೊಳ್ಳಾಕತ್ತಿದ್ನಲ್ಲ?"

"ಸ್ಟೈಲ್ ಹಳೇದು ಅಂತೀಯಾ ಅಂದ್ಕೊಂಡೆ. ಅಬ್ ಕ್ಯಾ ಫರಕ್ ಪಡತಾ ಹೈ, ಮಮ್ಮಿ?"

ಫರಕ್ ಏನು ಎನ್ನುವುದೇ ರುಕ್ಮಿಣಿಬಾಯಿಗೆ ಆರು ವಾರದಿಂದ ಬಿಡಿಸಲಾಗದ ಗಂಟು. ಈಗ ಎರಡು ಕಣ್ಣಿಗೆ ಎರಡು ಜಗತ್ತು. ಕೈಗೆ ಗೊತ್ತಿರುವ ಅಳತೆ ಎಡಗಣ್ಣಿನದು, ಎಷ್ಟು ಬಿಳಿಗೆ ಎಷ್ಟು ಮೊನೆ ಕಂದು ಎಂಬ ಲೆಕ್ಕ ಇಪ್ಪತ್ತಾರು ವರ್ಷ ಆ ಕಣ್ಣನ್ನು ನಂಬಿ ಕೂತದ್ದು. ಬಲಗಣ್ಣು ನಂಬಿ ಬೆರೆಸಿದರೆ ಕಂದು ಹೆಚ್ಚಾಗುತ್ತಿದೆ, ಹಾಗೆ ಎರಡು ಡಯಲ್ ಕೆಟ್ಟಿವೆ. ಬರುವ ಮಂಗಳವಾರ ಎಡಗಣ್ಣಿನ ಆಪರೇಷನ್. ಅದಾದ ಮೇಲೆ ಎರಡೂ ಕಣ್ಣು ಒಂದೇ ಮಾತು ಹೇಳುತ್ತವೆ ಎಂದು ಡಾಕ್ಟರು ಧೈರ್ಯ ಕೊಟ್ಟಿದ್ದಾರೆ. ಅವರಿಗೆ ಭಯವಿರುವುದು ಅದಕ್ಕೇ. ಆ ರೊಟ್ಟಿ ಬಣ್ಣದ ಗಡಿಯಾರ ಈಗ ಕಾಣುವುದು ಜಗತ್ತಿನಲ್ಲಿ ಆ ಒಂದು ಕಣ್ಣಿಗೆ ಮಾತ್ರ. ಮಂಗಳವಾರದಿಂದ ಅದನ್ನು ನೋಡಬಲ್ಲವರು ಯಾರೂ ಇರುವುದಿಲ್ಲ.

"ಹನ್ನೆರಡೂ ಕೆರದು ತಗದು, ಮಂದಿಗಿ ಕಾಣೂವಂಗ ರೊಟ್ಟಿ ಬಣ್ಣ ಹಚ್ಚಬೇಕೋ? ಹಂಗ ಮಾಡಿದ್ರ ನಾ ಮಾಡಿದ್ದು ಹೋತು. ಬಿಡಬೇಕೋ? ಬಿಟ್ರ ನಾ ನೋಡಿದ್ದು ಹೋತು." ಇದನ್ನು ಅವರು ನನಗೆ ಹೇಳುತ್ತಿದ್ದಾರೆಯೇ ಡಯಲ್‌ಗೆ ಹೇಳುತ್ತಿದ್ದಾರೆಯೇ ತಿಳಿಯುವುದಿಲ್ಲ.

ಇವತ್ತು ಮೊದಲು ಗಿರಾಕಿಯ ಕೆಲಸ. ನಾಲ್ಕರ ಚುಕ್ಕೆ ಉದುರಿದ ಹಳೆಯ ಡಯಲ್ ಒಂದಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಸೂಜಿಯ ಮೊನೆ ಅದ್ದಿ, ಒರೆಸಿ, ಮತ್ತೆ ಅದ್ದಿ, ಇಪ್ಪತ್ತು ನಿಮಿಷದಲ್ಲಿ ಚುಕ್ಕೆ ಕೂರಿಸುತ್ತಾರೆ. ಅಷ್ಟರಲ್ಲಿ ಬಂದ ಸದಾನಂದ ಕಣ್ಣಿಗೆ ಭೂತಗನ್ನಡಿ ಒತ್ತಿ ನೋಡುತ್ತಾರೆ.

"ಯಾವುದು ಹೊಸತು ಅಂತ ಗೊತ್ತೇ ಆಗುದಿಲ್ಲ ಮಾರಾಯ್ತಿ!"

"ನಿಮ್ಮ ಮಾತು ನಂಬಂಗಿಲ್ರೀ ಸದಾನಂದ," ಎನ್ನುತ್ತಾರೆ ರುಕ್ಮಿಣಿಬಾಯಿ. "ನಾಕು ಡಯಲ್ ಮುಚ್ಚಿಟ್ಟ ಮನುಷ್ಯ ನೀವು."

"ಈ ಸಲ ಸತ್ಯ ಹೇಳುದು."

"ಆವಾಗೂ ಮಕ ಹಿಂಗೇ ಇತ್ತು."

ಸದಾನಂದ ಭೂತಗನ್ನಡಿ ಕೆಳಗಿಡುತ್ತಾರೆ. ಚುಕ್ಕೆ ಸರಿಯಾಗಿದೆಯೋ ಇಲ್ಲವೋ ಗಿರಾಕಿಯೇ ಹೇಳಬೇಕು. ಅವರ ಗಡಿಯಾರ ಇನ್ನೂ ಅಂಗಡಿಯಲ್ಲೇ ಇದೆ.

ಏಳು ದಾಟಿದೆ. ರುಕ್ಮಿಣಿಬಾಯಿ ತಮ್ಮ ಡಯಲನ್ನು ಎದುರಿಗೆ ಎಳೆದುಕೊಳ್ಳುತ್ತಾರೆ. ಚೂಪು ಮಾಡಿದ ಬಿದಿರಿನ ಕಡ್ಡಿ ಎತ್ತಿ, ಏಳರ ಚುಕ್ಕೆಯನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಕಪ್ಪು ಗೀಚಿದರೆ ಇಡೀ ಡಯಲ್ ಹೋಯಿತು. ಗೀಚುವುದಿಲ್ಲ. ಆಮೇಲೆ ನಡೆಯುವುದನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಬಲಗಣ್ಣು ಮುಚ್ಚಿ, ಉಳಿದ ಹನ್ನೊಂದನ್ನು ಎಡಗಣ್ಣಿನಿಂದ ದಿಟ್ಟಿಸುತ್ತಾರೆ. ಕೂಡಲೇ ಕಣ್ಣು ಬದಲಿಸಿ, ಗಾಜಿನ ಚೂರಿನ ಮೇಲೆ ಕಲೆಸಿದ ಬಣ್ಣವನ್ನು ಬಲಗಣ್ಣಿನಿಂದ ನೋಡುತ್ತಾರೆ. ಒಂದು ಮೊನೆ ಕಂದು. ಮತ್ತೆ ಎಡ, ಮತ್ತೆ ಬಲ, ಇನ್ನರ್ಧ ಮೊನೆ. ಒಂದು ಕಣ್ಣು ಕಂಡದ್ದನ್ನು ಇನ್ನೊಂದರ ಕೈಗೆ ದಾಟಿಸುತ್ತಿದ್ದಾರೆ. ಎರಡು ಲೋಕಲ್ ಹೋಗುತ್ತವೆ, ಕುಂಚ ಎರಡು ಸಲ ಮೇಲೇಳುತ್ತದೆ. ಏಳು ಐವತ್ತಕ್ಕೆ ಹೊಸ ಚುಕ್ಕೆ ಕೂರುತ್ತದೆ. ಹನ್ನೊಂದು ಬಿಳಿಯ ನಡುವೆ ಒಂದು ರೊಟ್ಟಿ.

ಸದಾನಂದರಿಗೆ ಹೌಹಾರಿದಂತಾಗುತ್ತದೆ. "ಇದೆಂತ ರುಕ್ಮಿಣಿಯಕ್ಕ, ಒಂದು ಮಾತ್ರ ಬೇರೆ! ನೋಡಿದವರು ರಿಪೇರಿ ಕೆಟ್ಟಿದೆ ಅಂತ ಹೇಳುದಿಲ್ವಾ?"

"ಅನ್ಲಿ."

"ಹನ್ನೆರಡೂ ಮಾಡಿದ್ರೆ ಆಗ್ತಿತ್ತಲ್ಲ."

"ಹನ್ನೊಂದು ನಾ ಮಾಡಿದ್ದು, ಒಂದು ನಾ ನೋಡಿದ್ದು. ಹಂಗೇ ಇರ್ಲಿ ಬಿಡ್ರಿ."

ಹೀಗೆ ಹೇಳಿದ ಮೇಲೂ ಅವರ ಹುಬ್ಬಿನ ಗಂಟು ಬಿಡುವುದಿಲ್ಲ. ಎಡಗಣ್ಣಿನಿಂದ ನೋಡಿದರೆ ಹೊಸ ಚುಕ್ಕೆ ಕಡಕ್ ಚಹಾ ಕಾಣುತ್ತದಂತೆ. ಕಂಡದ್ದನ್ನೇ ದಾಟಿಸಿದೆನೋ ನೆನಪನ್ನು ದಾಟಿಸಿದೆನೋ ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಬಣ್ಣ ಒಣಗಿದ ಮೇಲೆ ಇವತ್ತೇ ಡಯಲನ್ನು ಯಂತ್ರಕ್ಕೆ ಕೂರಿಸಿ, ರಬ್ಬರ್ ಉಂಗುರ ಇಟ್ಟು, ಹಿಂಬದಿ ಬಿಗಿದುಬಿಡುತ್ತಾರೆ. ಮತ್ತೆ ತೆರೆಯುವುದಿಲ್ಲವಂತೆ. ತೆರೆದರೆ ಕೈ ಸುಮ್ಮನಿರುವುದಿಲ್ಲ.

ಎಂಟು ಗಂಟೆ. ತಾಡಪತ್ರಿಯ ನೀಲಿ ಕೋಣೆಯೊಳಗೆ ಬರತೊಡಗುತ್ತದೆ. ರುಕ್ಮಿಣಿಬಾಯಿ ಸೀಸೆಗಳ ಬಿರಡೆ ಮುಚ್ಚುತ್ತಾರೆ.

"ಬುಧವಾರ ಪಟ್ಟಿ ಬಿಚ್ಚತಾರ. ಶೀತಲ್‌ಗಿ ಹೇಳೀನಿ, ಗಡಿಯಾರ ದವಾಖಾನಿಗಿ ತಗೊಂಡ್ ಬಾ, ನಿನ್ನ ಮಕ ಆಮ್ಯಾಲ ನೋಡ್ತೀನಿ ಅಂತ. ಏಳರ ಮ್ಯಾಲಿಂದು ರೊಟ್ಟಿ ಕಂಡ್ರ ಸಾಕ್ರೀ ನನಗ. ಉಳದ ಹನ್ನೊಂದು ಹ್ಯಾಂಗರೆ ಕಾಣ್ಲಿ."